ಇವತ್ತಿನ ತಾರೀಖು, ಐದು ಪ್ರಶ್ನೆ

ಮೂರು ವರ್ಷದಿಂದ ದಿನಾ ಬೆಳಿಗ್ಗೆ ಆರೂವರೆಗೆ ನಲವತ್ತು ಚಿಲ್ಲರೆ ಜನಕ್ಕೆ ಐದು ಪ್ರಶ್ನೆ ಕಳಿಸುತ್ತೇನೆ. ಐದೂ ಅವತ್ತಿನ ತಾರೀಖಿಗೆ ಅಂಟಿಕೊಂಡವು: ಇದೇ ದಿನ ಯಾವುದೋ ವರ್ಷ ನಡೆದದ್ದು, ಹುಟ್ಟಿದವರು, ಹೋದವರು. ಶುರುಮಾಡಿದಾಗ ಹತ್ತು ನಿಮಿಷದ ಕೆಲಸ ಅಂದುಕೊಂಡಿದ್ದೆ. ಈಗ ಮುಕ್ಕಾಲು ಗಂಟೆ ಹಿಡಿಯುತ್ತದೆ. ಅದರಲ್ಲಿ ಅರ್ಧ ಹೊತ್ತು ಹೋಗುವುದು ಪ್ರಶ್ನೆ ಬರೆಯುವುದಕ್ಕಲ್ಲ, ತಾರೀಖು ನಿಜವೇ ಅಂತ ನೋಡುವುದಕ್ಕೆ. ನೀವೂ ಇಂಥದ್ದೊಂದು ಮಾಡಬೇಕೆಂದಿದ್ದರೆ, ನಾನು ಬಿದ್ದ ಗುಂಡಿಗಳು ಎಲ್ಲೆಲ್ಲಿವೆ ಅಂತ ಹೇಳಿಬಿಡುತ್ತೇನೆ.

ಮೊದಲನೆಯದು, "ಯಾವ ವರ್ಷ?" ಎಂಬ ಪ್ರಶ್ನೆ. ತಾರೀಖಿನ ಕ್ವಿಜ್ ಅಂದಕೂಡಲೇ ಕೈ ತಾನಾಗಿ ಅದನ್ನೇ ಬರೆಯುತ್ತದೆ. ಡಿಸೆಂಬರ್ 17 ತೆಗೆದುಕೊಳ್ಳಿ, ರೈಟ್ ಸಹೋದರರು ಹಾರಿದ ದಿನ. ಮೊದಲ ವರ್ಷ ನಾನು ಕೇಳಿದ್ದು: ಅವರು ಹಾರಿದ್ದು ಯಾವ ವರ್ಷ? ಗೊತ್ತಿದ್ದವರು 1903 ಅಂದರು, ಗೊತ್ತಿಲ್ಲದವರು ಕಣ್ಣುಮುಚ್ಚಿ ಒಂದನ್ನು ಒತ್ತಿದರು. ಇಬ್ಬರೂ ತಲೆ ಕೆರೆದುಕೊಳ್ಳಲಿಲ್ಲ. ಮರುವರ್ಷ, ಮೊದಲ ಹಾರಾಟ ಎಷ್ಟು ಸೆಕೆಂಡು ಅಂತ ಕೇಳಿದೆ. ಸ್ವಲ್ಪ ವಾಸಿ, ಆದರೂ ಅಂಕಿಯೇ. ಮೂರನೇ ಸಲ ಬರೆದದ್ದು ಹೀಗೆ:

"ಅವತ್ತು ನಾಲ್ಕು ಸಲ ಹಾರಿದರು. ಮೊದಲ ಸಲ 12 ಸೆಕೆಂಡು, 120 ಅಡಿ. ನಾಲ್ಕನೇ ಸಲ 59 ಸೆಕೆಂಡು, 852 ಅಡಿ. ಅದಾದ ಮೇಲೆ ಆ ವಿಮಾನ ಮತ್ತೆಂದೂ ಹಾರಲಿಲ್ಲ. ಯಾಕೆ?
ಅ. ಎಂಜಿನ್ ಸುಟ್ಟುಹೋಯಿತು
ಆ. ಇಳಿಯುವಾಗ ಮರಳಿಗೆ ಕುಕ್ಕಿ ಎರಡು ತುಂಡಾಯಿತು
ಇ. ನೆಲದ ಮೇಲೆ ನಿಂತಿದ್ದಾಗ ಗಾಳಿ ಮಗುಚಿಹಾಕಿತು
ಈ. ಹೊಸದನ್ನು ಕಟ್ಟಲು ಬಿಚ್ಚಿಬಿಟ್ಟರು"

ಉತ್ತರ ಇ. ಅವತ್ತು ಗುಂಪಿನಲ್ಲಿ ಮಧ್ಯಾಹ್ನದವರೆಗೂ ಮಾತು ನಿಲ್ಲಲಿಲ್ಲ. ಅಡಿ, ಸೆಕೆಂಡು ಎಲ್ಲವನ್ನೂ ಪ್ರಶ್ನೆಯಲ್ಲೇ ಕೊಟ್ಟುಬಿಟ್ಟಿದ್ದೇನೆ ನೋಡಿ. ತಾರೀಖು ನೆಪ ಅಷ್ಟೇ. ಊಹಿಸಲು ಜಾಗ ಇರುವಂಥದ್ದನ್ನು ಕೇಳಿ, ಬರೀ ನೆನಪಿನಿಂದ ಎತ್ತಬೇಕಾದದ್ದನ್ನು ನೀವೇ ಕೊಡಿ.

ತಪ್ಪು ಆಯ್ಕೆಗಳಿಗೆ ಸರಿಯುತ್ತರದಷ್ಟೇ ಬೆವರು ಹರಿಸಬೇಕು. ಮೂರು ಚಿಕ್ಕದಾಗಿದ್ದು ಒಂದು ಮಾತ್ರ ಉದ್ದವಾಗಿದ್ದರೆ, ಆ ಉದ್ದದ್ದೇ ಉತ್ತರ ಅಂತ ಮಕ್ಕಳಿಗೂ ಗೊತ್ತಾಗುತ್ತದೆ. ಮೇಲಿನದರಲ್ಲಿ ನಾನೂ ಅದೇ ತಪ್ಪು ಮಾಡಿದ್ದೇನೆ ಅನ್ನಬಹುದು. ಅದಕ್ಕೇ 'ಆ'ವನ್ನೂ ಬೇಕಂತಲೇ ಎಳೆದು ಉದ್ದ ಮಾಡಿದೆ. ಇನ್ನೊಂದು ಚಾಳಿ: ನನ್ನ ಸರಿಯುತ್ತರ ಸದಾ 'ಇ'ಯಲ್ಲಿ ಕೂರುತ್ತಿತ್ತು. ಆರು ತಿಂಗಳು ಯಾರೂ ಬಾಯಿಬಿಡಲಿಲ್ಲ, ಸುಮ್ಮನೆ 'ಇ' ಒತ್ತಿ ಅಂಕ ಬಾಚಿಕೊಳ್ಳುತ್ತಿದ್ದರು. ಈಗ ಮೇಜಿನ ಮೇಲೆ ಒಂದು ದಾಳ ಇಟ್ಟುಕೊಂಡಿದ್ದೇನೆ. ಐದೋ ಆರೋ ಬಿದ್ದರೆ ಮತ್ತೆ ಎಸೆಯುತ್ತೇನೆ. ಮೇಲಿನ ಪ್ರಶ್ನೆಗೆ ಅದು ಮೂರನ್ನೇ ತೋರಿಸಿದರೆ ನಾನೇನು ಮಾಡಲಿ!

ಈಗ ತಾರೀಖಿನ ವಿಷಯ. ಇಲ್ಲೇ ಮರ್ಯಾದೆ ಹೋಗುವುದು.

ಮೊದಲ ವರ್ಷದ ಏಪ್ರಿಲ್ 23ಕ್ಕೆ ನಾನು ಕೇಳಿದ್ದು: 1616ರಲ್ಲಿ ಷೇಕ್ಸ್‌ಪಿಯರ್ ತೀರಿಕೊಂಡ ದಿನವೇ ತೀರಿಕೊಂಡ ಸ್ಪೇನಿನ ಲೇಖಕ ಯಾರು? ಸೆರ್ವಾಂಟಿಸ್ ಅಂತ ಉತ್ತರ. ಕಳಿಸಿ ಹತ್ತು ನಿಮಿಷವಾಗಿಲ್ಲ, ಗುಂಪಿನಲ್ಲಿದ್ದ ನಿವೃತ್ತ ಪ್ರೂಫ್ ರೀಡರ್ ಒಬ್ಬರಿಂದ ಒಂದೇ ಸಾಲು ಬಂತು: "ಯಾವ ಕ್ಯಾಲೆಂಡರಿನ ಪ್ರಕಾರ?" ಸ್ಪೇನ್ 1582ರಲ್ಲೇ, ಈಗ ನಾವು ಬಳಸುವ ಗ್ರೆಗೋರಿಯನ್ ಕ್ಯಾಲೆಂಡರಿಗೆ ಬಂದಿತ್ತು. ಇಂಗ್ಲೆಂಡ್ ಇನ್ನೂ ಅದಕ್ಕಿಂತ ಹಳೆಯ, ಆಗ ಹತ್ತು ದಿನ ಹಿಂದಿದ್ದ ಜೂಲಿಯನ್‌ನಲ್ಲೇ ಇತ್ತು. ಅದು ಬದಲಾದದ್ದು 1752ರಲ್ಲಿ, ಸೆಪ್ಟೆಂಬರ್ 2ರ ಮರುದಿನ 14 ಅಂತ ಎಣಿಸಿ. ಹಾಗಾಗಿ ಷೇಕ್ಸ್‌ಪಿಯರ್‌ನ ಏಪ್ರಿಲ್ 23 ಅಂದರೆ ಸ್ಪೇನಿನ ಲೆಕ್ಕದಲ್ಲಿ ಮೇ 3. ಸಾಲದ್ದಕ್ಕೆ ಸೆರ್ವಾಂಟಿಸ್ ತೀರಿಕೊಂಡದ್ದು 22ರಂದು, 23 ಅವನನ್ನು ಮಣ್ಣುಮಾಡಿದ ದಿನ. ಒಂದೇ ಪ್ರಶ್ನೆಯಲ್ಲಿ ಎರಡು ಸುಳ್ಳು! ಅವತ್ತು ಎಲ್ಲರಿಗೂ ಪೂರ್ಣ ಅಂಕ ಕೊಟ್ಟು ಕ್ಷಮೆ ಕೇಳಿದೆ. ಆಮೇಲೆ ಆ ಪ್ರೂಫ್ ರೀಡರ್‌ಗೇ ದುಂಬಾಲು ಬಿದ್ದೆ. ಈಗ ಪ್ರತಿ ಐದೂ ಹಿಂದಿನ ರಾತ್ರಿಯೇ ಅವರ ಕಣ್ಣಿನಡಿ ಹಾದು ಬರುತ್ತವೆ. ನಿಮಗೂ ಅಂಥ ಒಬ್ಬ ತಕರಾರಿನ ಮನುಷ್ಯ ಬೇಕು.

ಇದೇ ಜಾತಿಯ ಇನ್ನೊಂದು ಕಂತೆ, ಗೆಲಿಲಿಯೋ ಸತ್ತ ವರ್ಷವೇ ನ್ಯೂಟನ್ ಹುಟ್ಟಿದ ಅನ್ನುವುದು. ಗೆಲಿಲಿಯೋ ಸತ್ತದ್ದು 1642ರ ಜನವರಿ 8, ಇಟಲಿಯ ಹೊಸ ಕ್ಯಾಲೆಂಡರಿನಲ್ಲಿ. ನ್ಯೂಟನ್ ಹುಟ್ಟಿದ್ದು 1642ರ ಡಿಸೆಂಬರ್ 25, ಇಂಗ್ಲೆಂಡಿನ ಹಳೆಯದರಲ್ಲಿ. ಒಂದೇ ಲೆಕ್ಕಕ್ಕೆ ತಂದರೆ ನ್ಯೂಟನ್ 1643ಕ್ಕೆ ಜಾರುತ್ತಾನೆ. ರಷ್ಯದ 'ಅಕ್ಟೋಬರ್ ಕ್ರಾಂತಿ' ನವೆಂಬರ್ 7ರ ಪುಟದಲ್ಲಿ ಇರುವುದೂ ಇದರಿಂದಲೇ. 1752ಕ್ಕಿಂತ ಹಿಂದಿನ ಇಂಗ್ಲೆಂಡ್, 1918ಕ್ಕಿಂತ ಹಿಂದಿನ ರಷ್ಯ ಕಂಡರೆ ನನ್ನ ಕೈಯಲ್ಲಿ ಕೆಂಪು ಪೆನ್ನು ಇರುತ್ತದೆ.

ಗಡಿಯಾರವೂ ಆಟ ಆಡಿಸುತ್ತದೆ. ಆರ್ಮ್‌ಸ್ಟ್ರಾಂಗ್ ಚಂದ್ರನ ಮೇಲೆ ಕಾಲಿಟ್ಟಾಗ ಹ್ಯೂಸ್ಟನ್‌ನಲ್ಲಿ 1969ರ ಜುಲೈ 20ರ ರಾತ್ರಿ 9:56. ಗ್ರೀನ್‌ವಿಚ್ ಸಮಯದಲ್ಲಿ ಆಗಲೇ 21, ಬೆಳಗಿನ ಜಾವ 2:56. ಟೈಟಾನಿಕ್ 1912ರ ಏಪ್ರಿಲ್ 14ರ ರಾತ್ರಿ ಡಿಕ್ಕಿ ಹೊಡೆಯಿತು, ಮುಳುಗಿದ್ದು 15ಕ್ಕೆ. ಇಂಥ ಕಡೆ ಪ್ರಶ್ನೆಯಲ್ಲೇ "ಹ್ಯೂಸ್ಟನ್ ಸಮಯ", "ಡಿಕ್ಕಿಯಾದ ರಾತ್ರಿ" ಅಂತ ಒಂದು ಪದ ಸೇರಿಸಿದರೆ ಜಗಳ ತಪ್ಪುತ್ತದೆ. ಅಮೆರಿಕದ ಜುಲೈ 4ರದ್ದೂ ಹಾಗೇ. ಸ್ವಾತಂತ್ರ್ಯಕ್ಕೆ ಮತ ಹಾಕಿದ್ದು 1776ರ ಜುಲೈ 2, ಘೋಷಣೆಯನ್ನು ಅಂಗೀಕರಿಸಿದ್ದು 4, ಹೆಚ್ಚಿನವರು ಸಹಿ ಹಾಕಿದ್ದು ಆಗಸ್ಟ್ 2. "ಸಹಿ ಬಿದ್ದ ದಿನ" ಅಂತ 4ಕ್ಕೆ ಬರೆದರೆ ಸಿಕ್ಕಿಬಿದ್ದಿರಿ.

"ಇತಿಹಾಸದಲ್ಲಿ ಈ ದಿನ" ಪಟ್ಟಿಗಳು ಒಂದರಿಂದೊಂದು ನಕಲು ಮಾಡಿಕೊಂಡವು. ಒಂದೇ ತಪ್ಪು ಹತ್ತು ಕಡೆ ಕಂಡರೆ ಹತ್ತು ಸಾಕ್ಷಿ ಸಿಕ್ಕಂತಲ್ಲ. ಪಟ್ಟಿಯಿಂದ ಸುಳಿವು ಮಾತ್ರ ತೆಗೆದುಕೊಂಡು ಮೂಲಕ್ಕೆ ಹೋಗಿ: ಬಾಹ್ಯಾಕಾಶಕ್ಕೆ ನಾಸಾ, ಬಹುಮಾನಕ್ಕೆ ನೊಬೆಲ್ ಸಂಸ್ಥೆಯ ದಾಖಲೆ. ಅಲ್ಲಿ ಪ್ರಶ್ನೆಯೂ ಸಿಕ್ಕಿಬಿಡುತ್ತದೆ. ಏಪ್ರಿಲ್ 12ರಂದು, 1961ರಲ್ಲಿ, ಬಾಹ್ಯಾಕಾಶಕ್ಕೆ ಹೋದ ಮೊದಲ ಮನುಷ್ಯ ಗಗಾರಿನ್ ಹಾರಿದ. ಸರಿಯಾಗಿ ಇಪ್ಪತ್ತು ವರ್ಷಕ್ಕೆ, 1981ರ ಅದೇ ದಿನ, ಮೊದಲ ಬಾಹ್ಯಾಕಾಶ ಷಟಲ್ ಕೊಲಂಬಿಯಾ ಹಾರಿತು. ಬೇಕಂತಲೇ ಆ ದಿನ ಆರಿಸಿದರೇ? ಇಲ್ಲ, ಹಾರಬೇಕಾಗಿದ್ದು 10ಕ್ಕೆ; ಅದರ ಕಂಪ್ಯೂಟರುಗಳು ಒಂದಕ್ಕೊಂದು ತಾಳ ಹಾಕದೆ ಎರಡು ದಿನ ತಡವಾಯಿತು. ಈ ಪ್ರಶ್ನೆಗೆ ಮುಕ್ಕಾಲುಪಾಲು ಜನ ಎಡವಿದರು, ಆದರೂ ಒಬ್ಬರೂ ಗೊಣಗಲಿಲ್ಲ.

ಸಾಮಗ್ರಿಗೆ ಒಂದು ದಪ್ಪ ನೋಟ್‌ಬುಕ್ ಸಾಕು, 366 ಪುಟ. ಓದುವಾಗ ಸಿಕ್ಕಿದ್ದನ್ನು ಆಯಾ ದಿನದ ಪುಟಕ್ಕೆ ಹಾಕಿಕೊಳ್ಳಿ. "ನೂರು ವರ್ಷದ ಹಿಂದೆ" ಅಂತ ಬರೆಯಬೇಡಿ, ಮರುವರ್ಷಕ್ಕೆ ಅದು ಸುಳ್ಳಾಗುತ್ತದೆ, ಇಸವಿ ಬರೆಯಿರಿ. ಕ್ರಿಸ್ತಪೂರ್ವಕ್ಕೆ ಹೋದರೆ ಸೊನ್ನೆ ಇಸವಿ ಇಲ್ಲ ಅನ್ನುವುದು ನೆನಪಿರಲಿ: ಸೀಸರ್‌ನನ್ನು ಕೊಂದದ್ದು ಕ್ರಿ.ಪೂ. 44ರಲ್ಲಿ, ಅದಕ್ಕೆ ಎರಡು ಸಾವಿರ ವರ್ಷ ತುಂಬಿದ್ದು 1957ಕ್ಕೆ, 1956ಕ್ಕಲ್ಲ.

ಐದರಲ್ಲಿ ಮೊದಲನೆಯದು ಎಲ್ಲರಿಗೂ ಬರುವಂತಿರಲಿ, ನಾಲ್ಕನೆಯದು ಕಷ್ಟ, ಐದನೆಯದು ನಗು ತರಿಸುವಂಥದ್ದು. ಆದರೆ ಆಗಸ್ಟ್ 6ರಂದು ಹಿರೋಷಿಮಾ ಬಿಟ್ಟು ನಗಿಸಲು ಹೋಗಬೇಡಿ. ಅವತ್ತು ನಾನು ಒಂದೇ ಪ್ರಶ್ನೆ ಕಳಿಸುತ್ತೇನೆ.

ಕೆಲವು ಪುಟ ಎಷ್ಟು ಹುಡುಕಿದರೂ ಖಾಲಿ. ಆಗ ಕ್ಯಾಲೆಂಡರೇ ಕೈ ಹಿಡಿಯುತ್ತದೆ. ಸ್ವೀಡನ್ 1700ರಿಂದ ಅಧಿಕ ದಿನಗಳನ್ನು, ಅಂದರೆ ಫೆಬ್ರವರಿ 29ಗಳನ್ನು, ಒಂದೊಂದಾಗಿ ಕೈಬಿಟ್ಟು ನಿಧಾನವಾಗಿ ಹೊಸ ಲೆಕ್ಕಕ್ಕೆ ಹೋಗಲು ಹೊರಟಿತು. ಆ ವರ್ಷ ಬಿಟ್ಟರು, 1704 ಮತ್ತು 1708ರಲ್ಲಿ ಬಿಡಲೇ ಇಲ್ಲ. ಯಾರೊಂದಿಗೂ ಹೊಂದದ ಲೆಕ್ಕದಿಂದ ಬೇಸತ್ತು ಹಳೆಯದಕ್ಕೇ ಮರಳಲು 1712ರ ಫೆಬ್ರವರಿಗೆ ಇನ್ನೊಂದು ದಿನ ಅಂಟಿಸಿದರು. ಫೆಬ್ರವರಿ 30! ನನ್ನ ನೋಟ್‌ಬುಕ್ಕಿನಲ್ಲಿ ಅದಕ್ಕೆ ಪುಟ ಇಲ್ಲವಾದ್ದರಿಂದ 29ರ ಪುಟದ ಕೆಳಗೆ ಒಂದು ಚೀಟಿ ಅಂಟಿಸಿ, ಪ್ರಶ್ನೆಯನ್ನು ಮಾರ್ಚ್ 1ಕ್ಕೆ ಕಳಿಸಿದೆ. ಪ್ರೂಫ್ ರೀಡರ್ ಅದನ್ನು ಎರಡು ಸಲ ವಾಪಸ್ ಕಳಿಸಿದ್ದರು.