ಇಪ್ಪತ್ತು ಚೀಟಿ, ಎರಡು ಬಣ್ಣ: ಊರು ಒಡೆಯುವುದನ್ನು ಮನೆಯಲ್ಲೇ ನೋಡಿ

ಜನ ಯಾಕೆ ಎರಡು ಪಾರ್ಟಿ ಆಗುತ್ತಾರೆ ಅಂತ ಸುಮ್ನೆ ವಾದ ಮಾಡುವ ಬದಲು ಒಂದು ಆಟದ ಊರು ಕಟ್ಟಿ ನೋಡಿ. ಕಂಪ್ಯೂಟರ್ ಬೇಕಿಲ್ಲ. 20 ಚೀಟಿ, ಒಂದು ಡಬ್ಬಿ, ಪೆನ್ಸಿಲ್ ಸಾಕು.

ನಾನು ಹಿಡಿದದ್ದು ತುಂಗಭದ್ರಾ ಎಡದಂಡೆ ಕಾಲುವೆ. 10 ಹಸಿರು ಚೀಟಿ ಗಂಗಾವತಿ ಕಡೆಯ ಮೇಲ್ಭಾಗದವರು, ಅಂದರೆ ನೀರು ಮೊದಲು ಸಿಗುವವರು; 10 ಹಳದಿ ಮಾನ್ವಿ ಕಡೆಯ ಕೊನೆಭಾಗದವರು, ನೀರು ಕೊನೆಗೆ ಸಿಗುವವರು. ಬೇಸಿಗೆಗೂ ಭತ್ತ ಹಚ್ಚಬೇಕಾ? ಬೇಡವೇ ಬೇಡ ಅಂದರೆ 0, ಬೇಕೇ ಬೇಕು ಅಂದರೆ 100. ಹಸಿರಿಗೆ 20ರಿಂದ 100ರೊಳಗೆ, ಹಳದಿಗೆ 0ಯಿಂದ 80ರೊಳಗೆ ಅಂಕಿ ಹಂಚಿ. ಈ ಅಂಕಿಗಳನ್ನು ನೋಟ್‌ಬುಕ್ಕಿನಲ್ಲೂ ಬರೆದಿಡಿ, ನಾನು ಬರೆದಿಡದೆ ಎಲ್ಲ ಮತ್ತೆ ಮಾಡಬೇಕಾಯಿತು.

ಮೊದಲ ಆಟದಲ್ಲಿ ಬಣ್ಣ ನೋಡಬೇಡಿ. ಎರಡು ಚೀಟಿ ಎತ್ತಿ. ವ್ಯತ್ಯಾಸ 40ರೊಳಗಿದ್ದರೆ ಇಬ್ಬರೂ ಅದರ ಕಾಲುಭಾಗ ಹತ್ತಿರ ಸರಿಯಲಿ: 30 ಮತ್ತು 50 ಇದ್ದವರು 35 ಮತ್ತು 45 ಆಗುತ್ತಾರೆ. ಜಾಸ್ತಿ ಇದ್ದರೆ ಮಾತೇ ಇಲ್ಲ, ವಾಪಸ್ ಹಾಕಿ. ಇದು ಫ್ರಾನ್ಸಿನ ಗಿಯೋಮ್ ದೆಫುವಾನ್ ಮತ್ತು ಸಂಗಡಿಗರು 2000ದಲ್ಲಿ ಪ್ರಕಟಿಸಿದ, ಜನರ ಅಭಿಪ್ರಾಯ ಹೇಗೆ ಬದಲಾಗುತ್ತದೆ ಅನ್ನುವ ಲೆಕ್ಕದ ಜಾತಿಯದೇ. 200 ಸಲ ಎತ್ತುವಷ್ಟರಲ್ಲಿ ಸಾಮಾನ್ಯವಾಗಿ ಎಲ್ಲರೂ ನಡುವೆ ಬಂದು ಕೂರುತ್ತಾರೆ.

ಈಗ ಹಳೇ ಅಂಕಿಗಳನ್ನೇ ಮತ್ತೆ ಬರೆದು ಬಣ್ಣ ನೋಡಿ. ಒಂದೇ ಬಣ್ಣದವರಿಗೆ ಹಳೇ ನಿಯಮ. ಬೇರೆ ಬಣ್ಣದವರಾದರೆ 10ರೊಳಗಿದ್ದರೆ ಮಾತ್ರ ಹತ್ತಿರ. 30 ದಾಟಿದ್ದರೆ ಇಬ್ಬರೂ 3 ಅಂಕಿ ದೂರ ಸರಿಯಬೇಕು, ನಡುವಿನದ್ದಕ್ಕೆ ಏನೂ ಇಲ್ಲ. 0 ಮತ್ತು 100ರಲ್ಲಿ ಗೆರೆ ಎಳೆಯಿರಿ, ಇಲ್ಲದಿದ್ದರೆ ನನ್ನ ಹಾಗೆ ಒಬ್ಬ ರೈತ 130ಕ್ಕೆ ಹೋಗಿ ನಿಲ್ಲುತ್ತಾನೆ.

ಮೊದಲು ಕಾಣುವುದು ಜಗಳವಲ್ಲ, ಒಳಗಿನ ಒಗ್ಗಟ್ಟು. ಭತ್ತ ಬೇಡ ಅನ್ನುತ್ತಿದ್ದ ಹಸಿರಿನವ, ಬೇಕು ಅನ್ನುತ್ತಿದ್ದ ಹಳದಿಯವ, ಇಬ್ಬರೂ ತಮ್ಮವರ ಕಡೆ ಸರಿದುಬಿಡುತ್ತಾರೆ. ಆಮೇಲೆ ಎಲ್ಲ ನಿಂತಿರುವುದು ಆ 30ರ ಮೇಲೆ. ಎರಡು ಗುಂಪಿನ ಅಂತರ 10 ದಾಟಿ 30ರೊಳಗೆ ಇದ್ದರೆ ಅಲ್ಲೇ ಹೆಪ್ಪುಗಟ್ಟುತ್ತದೆ. ದಾಟಿತೋ, ಪ್ರತಿ ಭೇಟಿಯೂ ದೂರ ತಳ್ಳುತ್ತದೆ, ಕೊನೆಗೆ ಒಬ್ಬರು 0, ಇನ್ನೊಬ್ಬರು 100. ಜಾಸ್ತಿ ಮಾತಾಡಿಸಿದಷ್ಟೂ ಜಾಸ್ತಿ ಹಾಳು, ವಿಚಿತ್ರ ಅಲ್ವಾ?

ಆಟವನ್ನು ಐದಾರು ಸಲ ಆಡಿ, ಒಂದೇ ಸಲದ್ದನ್ನು ನಂಬಬೇಡಿ. ಬೇಜಾರಾದರೆ ಸ್ಪ್ರೆಡ್‌ಶೀಟ್‌ಗೆ ಹಾಕಿ.

ಕೊನೆಗೆ ಎರಡು ಬಿಳಿ ಚೀಟಿ ಸೇರಿಸಿ. ಇವರು ಬೀಗರು, ಎರಡೂ ಕಡೆ ನೆಂಟಸ್ತನ ಇರುವವರು. ಇವರ ಜೊತೆ ಯಾರಿಗೇ ಆದರೂ 40ರ ನಿಯಮ. ಶುರುವಿನಲ್ಲೇ ಹಾಕಿದರೆ ಇವರು ಎರಡೂ ಕಡೆಯವರನ್ನು ಎಳೆದು ಹಿಡಿಯುತ್ತಾರೆ. ಊರು ಪೂರ್ತಿ ಒಡೆದ ಮೇಲೆ 50 ಬರೆದು ಡಬ್ಬಿಗೆ ಹಾಕಿ ನೋಡಿ: 0ಗೂ 50 ದೂರ, 100ಕ್ಕೂ 50 ದೂರ, ಒಬ್ಬರೂ ಇವರ ಮಾತು ಕೇಳುವುದಿಲ್ಲ.