ಕೆರೆ ಮೀನಿಗೆ ಸೂಜಿ: ಸಂಜೆ ಚುಚ್ಚಿದರೆ ಬೆಳಗಿಗೆ ಮೊಟ್ಟೆ

ರೋಹು, ಕಾಟ್ಲಾ, ಮೃಗಾಲ್ ಮೂರೂ ಹೊಳೆಯ ಮೀನುಗಳು. ಕೆರೆಗೆ ಬಿಟ್ಟರೆ ಬೆಳೆಯುತ್ತವೆ, ಹೊಟ್ಟೆ ತುಂಬ ಮೊಟ್ಟೆ ಕಟ್ಟುತ್ತವೆ, ಆದರೆ ಇಡುವುದಿಲ್ಲ. ಭೀಮೆಗೆ ಹೊಸ ನೀರು ಬಂದಾಗ ಮಿದುಳಿಗೆ ಸಿಗುವ ಸೂಚನೆ ನಿಂತ ನೀರಲ್ಲಿ ಸಿಗದು.

ಸೂಚನೆ ಸಿಕ್ಕರೆ ಮಿದುಳಿನ ಹೈಪೋಥಲಾಮಸ್ ಎಂಬ ಭಾಗ ಜಿಎನ್‌ಆರ್‌ಎಚ್ ಎಂಬ ಹಾರ್ಮೋನು ಬಿಡುತ್ತದೆ. ಅದಕ್ಕೆ ಮಿದುಳಿನ ಬುಡದ ಪಿಟ್ಯುಟರಿ ಗ್ರಂಥಿ ಎಲ್‌ಎಚ್ ಎಂಬ ಇನ್ನೊಂದು ಹಾರ್ಮೋನು ಸುರಿಸುತ್ತದೆ. ಅಂಡಾಶಯ ಸ್ಟೀರಾಯ್ಡ್ ತಯಾರಿಸಿ ಮೊಟ್ಟೆಯನ್ನು ಹಣ್ಣಾಗಿಸುತ್ತದೆ. ಈ ಕಾರ್ಪ್ ಜಾತಿಯ ಮೀನುಗಳಲ್ಲಿ ಡೋಪಮೈನ್ ಎಂಬ ಮಿದುಳಿನ ರಾಸಾಯನಿಕ ಇದಕ್ಕೆ ಬ್ರೇಕ್ ಹಾಕಿ ಕೂತಿರುತ್ತದೆ. ಓವಾಪ್ರಿಮ್ ಎಂಬ ಚುಚ್ಚುಮದ್ದಿನಲ್ಲಿ ಎರಡಕ್ಕೂ ಮದ್ದಿದೆ: ಮಿಲೀಗೆ 20 ಮೈಕ್ರೋಗ್ರಾಂ ಜಿಎನ್‌ಆರ್‌ಎಚ್ ಪ್ರತಿರೂಪ, ಬ್ರೇಕ್ ಬಿಡಿಸಲು 10 ಮಿಲಿಗ್ರಾಂ ಡೊಂಪೆರಿಡೋನ್. ನಾವು ವಾಂತಿಗೆ ನುಂಗುವ ಮಾತ್ರೆಯಲ್ಲಿರುವುದೂ ಇದೇ.

1957ರ ಜುಲೈ 10ರಂದು ಮೀನು ವಿಜ್ಞಾನಿಗಳಾದ ಹೀರಾಲಾಲ್ ಚೌಧುರಿ, ಅಲಿಕುಂಞಿ ಒಡಿಶಾದಲ್ಲಿ ಇಂಥ ಮೀನಿಗೆ ಮೊಟ್ಟೆ ಇಡಿಸಿ ಗೆದ್ದದ್ದು ಬೇರೆ ಮೀನಿನ ತಲೆಯಿಂದ ತೆಗೆದ ಪಿಟ್ಯುಟರಿ ಅರೆದು ಚುಚ್ಚಿ. ಈಗ ಆ ಕಷ್ಟವಿಲ್ಲ.

ಸೂಜಿ ಮೊಟ್ಟೆ ಹಣ್ಣಾಗುವ ಕೊನೆಯ ಹೆಜ್ಜೆಯನ್ನಷ್ಟೇ ಇಡಿಸುತ್ತದೆ, ಎಳೆಕಾಯಿಯನ್ನು ಹಣ್ಣು ಮಾಡುವುದಿಲ್ಲ. ಹಾಗಾಗಿ ಆಯ್ಕೆಯಲ್ಲೇ ಅರ್ಧ ಕೆಲಸ. ರೋಹು, ಮೃಗಾಲ್‌ಗೆ 2 ವರ್ಷ, ಕಾಟ್ಲಾಗೆ 3 ತುಂಬಿರಲಿ. ಹೆಣ್ಣಿನ ಹೊಟ್ಟೆ ಉಬ್ಬಿ ಮೆತ್ತಗಿರಬೇಕು, ಗುದದ್ವಾರ ಊದಿ ಕೆಂಪಗಿರಬೇಕು. ಉಬ್ಬಿದ್ದೂ ಗಟ್ಟಿಯಾಗಿದ್ದರೆ ಅದು ಕೊಬ್ಬು ಅಥವಾ ಮೇವು. ಅದಕ್ಕೇ ಹಿಂದಿನ ದಿನ ಮೇವು ನಿಲ್ಲಿಸುವುದು. ಗಂಡಿನ ಎದೆರೆಕ್ಕೆ ಒಳಬದಿ ಸವರಿದರೆ ಒರಟು, ಹೊಟ್ಟೆ ಒತ್ತಿದರೆ ಹಾಲಿನಂಥ ವೀರ್ಯ.

ಮೇ ತಿಂಗಳ ಕಲಬುರಗಿ ಬಿಸಿಲಲ್ಲಿ ಕೈ ಹಾಕಬೇಡಿ. ಆರಿದ್ರಾ ಮಳೆ ಬಿದ್ದು ನೀರು 27ರಿಂದ 30 ಡಿಗ್ರಿಗೆ ಇಳಿಯಲಿ. ಮೋಡ ಕವಿದ ದಿನ ಸಿಕ್ಕರೆ ಇನ್ನೂ ಒಳ್ಳೆಯದು.

ಒಂದು ಹೆಣ್ಣಿಗೆ ಎರಡು ಗಂಡು. ರೋಹು ಹೆಣ್ಣಿಗೆ ಕಿಲೋಗೆ 0.3–0.4 ಮಿಲೀ, ಕಾಟ್ಲಾಗೆ 0.4–0.5, ಮೃಗಾಲ್‌ಗೆ 0.25–0.3, ಗಂಡಿಗೆ 0.1–0.2. ಅಂದರೆ 2 ಕಿಲೋ ರೋಹುವಿಗೆ ಹೆಚ್ಚೆಂದರೆ 0.8 ಮಿಲೀ. ಅಂದಾಜು ಬೇಡ, ತೂಗಿ. ಸಂಜೆ 6–7ರ ಹೊತ್ತಿಗೆ ಮೀನಿನ ಕಣ್ಣಿಗೆ ಒದ್ದೆ ಬಟ್ಟೆ ಮುಚ್ಚಿ, ಬೆನ್ನಿನ ರೆಕ್ಕೆಯ ಕೆಳಗೆ, ಪಕ್ಕೆಗೆರೆಯ ಮೇಲೆ, ಹುರುಪೆಯ ಸಂದಿಯಲ್ಲಿ 22 ಗೇಜ್ ಸೂಜಿಯನ್ನು ಓರೆಯಾಗಿ ತೂರಿಸಿ. ಮದ್ದು ಮಂದ, ತೀರಾ ಸಣ್ಣ ಸೂಜಿಯಲ್ಲಿ ಇಳಿಯದು. ನಿಧಾನ ಎಳೆದು ಹೆಬ್ಬೆರಳಿಂದ ತಿಕ್ಕಿ, ಇಲ್ಲವಾದರೆ ಮದ್ದು ಹೊರಗೆ ಸೋರುತ್ತದೆ.

ಚುಚ್ಚಿದ ಮೀನನ್ನು ಬಿಡುವ ಹಾಪಾ, ಅಂದರೆ ನೀರಲ್ಲಿ ಕಟ್ಟುವ ಬಟ್ಟೆಯ ತೊಟ್ಟಿ, 3×1.5×1 ಮೀಟರ್. ಬಾಯಿ ಕಟ್ಟಿ, ಇಲ್ಲದಿದ್ದರೆ ಹಾರಿ ಹೋಗುತ್ತವೆ. ಬೆಳಗಿನ ಜಾವ ಇಟ್ಟ ಮೊಟ್ಟೆಯನ್ನು 5 ಗಂಟೆ ಮುಟ್ಟಬೇಡಿ. ನೀರು ಹೀರಿ ಗಟ್ಟಿಯಾಗಲಿ. ಗಾಜಿನಂತೆ ಹೊಳೆದರೆ ಫಲಿತ, ಬೆಳ್ಳಗಾದರೆ ಸತ್ತದ್ದು. ಬಿಳಿ ಹೆಚ್ಚಿದ್ದರೆ ಗಂಡು ಹಣ್ಣಾಗಿರಲಿಲ್ಲವೆಂದು ಮೊದಲು ಅನುಮಾನಿಸಿ. ಹೆಣ್ಣು ಇಡದಿದ್ದರೆ ಮರುದಿನವೇ ಮತ್ತೊಂದು ಡೋಸ್ ಚುಚ್ಚಬೇಡಿ, ಹೊಟ್ಟೆ ಕಟ್ಟಿ ಸಾಯಬಹುದು; ಕೆರೆಗೆ ವಾಪಸ್ ಬಿಡಿ.

ಬಟ್ಟೆಯೊಳಗೆ ಜಾಲರಿ ಇರುವ ಎರಡು ಪದರದ ಹಾಪಾಕ್ಕೆ ವರ್ಗಾಯಿಸಿದ ಮೊಟ್ಟೆ 14–18 ಗಂಟೆಯಲ್ಲಿ ಒಡೆಯುತ್ತದೆ. ಮರಿ ಹೊರಪದರಕ್ಕೆ ಇಳಿದ ಮೇಲೆ, ಸಿಪ್ಪೆ ಕೊಳೆಯುವ ಮುನ್ನ ಒಳಗಿನ ಜಾಲರಿ ತೆಗೆಯಿರಿ. ಮೂರು ದಿನ ಮರಿಗೆ ಹಳದಿ ಚೀಲವೇ ಊಟ. ನಾಲ್ಕನೆಯ ದಿನ ನರ್ಸರಿ ಹೊಂಡ.