ಸಾಲ ತೀರಿದ ಮೇಲೂ ಬಂದ ಕಂತು

ಬೆಳಿಗ್ಗೆ ಏಳೂವರೆಗೆ ಮೊಬೈಲ್‌ಗೆ ಮೆಸೇಜ್ ಬಂತು. ಖಾತೆಯಿಂದ 3,184 ರೂಪಾಯಿ ಕಡಿತ, ಎಸಿಎಚ್ ಡೆಬಿಟ್ (ಅಂದರೆ ಖಾತೆಯಿಂದ ತಾನಾಗೇ ಹೋಗುವ ಕಂತು), ಪಕ್ಕದಲ್ಲಿ ಫೈನಾನ್ಸ್ ಕಂಪನಿಯ ಅರ್ಧ ಹೆಸರು. ಮೂರು ವರ್ಷ ಪ್ರತಿ ತಿಂಗಳು 5ನೇ ತಾರೀಖು ಇದೇ ಮೆಸೇಜ್ ನೋಡಿದ್ದೆ. ಆದರೆ ಸ್ಕೂಟರ್ ಸಾಲದ 36ನೇ ಕಂತು, ಅಂದರೆ ಕೊನೇ ಕಂತು, ಹಿಂದಿನ ತಿಂಗಳೇ ಹೋಗಿತ್ತು. ಸಾಲ ತೀರಿದೆ, ಬಾಕಿ ಏನೂ ಇಲ್ಲ ಅಂತ ಫೈನಾನ್ಸ್‌ನವರು ಕೊಡುವ ಪತ್ರ, ಎನ್‌ಒಸಿ, ಬಂದು ಬೀರುವಿನಲ್ಲಿತ್ತು. ಇದು 37ನೆಯದು.

ಎರಡು ದಿನ ಬಿಟ್ಟು ಇನ್ನೊಂದು ಪೆಟ್ಟು. 7ನೇ ತಾರೀಖು ವಿಮೆಯ ಕಂತು ಹೋಗಬೇಕಿತ್ತು. ಅದಕ್ಕೆ ಅಂತ ಲೆಕ್ಕ ಹಾಕಿ ಇಟ್ಟಿದ್ದ ದುಡ್ಡಿನಲ್ಲೇ ಈ 3,184 ಹೋಗಿದ್ದರಿಂದ ಅದು ಬೌನ್ಸ್ ಆಯ್ತು. ಬ್ಯಾಂಕ್ 250 ರೂಪಾಯಿ ಚಾರ್ಜ್, ಅದರ ಮೇಲೆ ಶೇ. 18 ಜಿಎಸ್‌ಟಿ, ಒಟ್ಟು 295 ಹಿಡಿಯಿತು. ನನ್ನದಲ್ಲದ ತಪ್ಪಿಗೆ ನಾನು ದಂಡ ಕಟ್ಟಿದ ಹಾಗಾಯ್ತು. ನಿಜ ಹೇಳಬೇಕೆಂದರೆ 3,184ಕ್ಕಿಂತ ಈ 295 ಜಾಸ್ತಿ ಹೊಟ್ಟೆ ಉರಿಸಿತು.

ಮೊದಲು ಫೈನಾನ್ಸ್‌ನವರಿಗೆ ಫೋನ್ ಮಾಡಿದೆ. ನಂಬರನ್ನು ಗೂಗಲ್‌ನಲ್ಲಿ ಹುಡುಕಲಿಲ್ಲ, ಎನ್‌ಒಸಿ ಕಾಗದದ ಮೇಲಿದ್ದದ್ದನ್ನೇ ನೋಡಿ ಒತ್ತಿದೆ. ಕಸ್ಟಮರ್ ಕೇರ್ ಹೆಸರಲ್ಲಿ ಸುಳ್ಳು ನಂಬರ್ ಹಾಕಿ ಒಟಿಪಿ ಕೇಳುವವರು ಅಲ್ಲಿ ತುಂಬಿದ್ದಾರೆ. ಆ ಕಡೆಯಿಂದ ಬಂದ ಉತ್ತರ: "ಸಾಲ ಕ್ಲೋಸ್ ಆಗಿದೆ ಮೇಡಂ, ಕಟ್ ಆಗಿದ್ದು ಯಾಕೆ ಅಂತ ಬ್ಯಾಂಕಲ್ಲಿ ಕೇಳಿ." ಬ್ಯಾಂಕಿಗೆ ಹೋದರೆ, "ಅವರು ಕಳಿಸಿದ್ದಕ್ಕೆ ಕಟ್ ಆಗಿದೆ ಮೇಡಂ, ಅವರನ್ನೇ ಕೇಳಿ." ಒಂದು ವಾರ ಹೀಗೇ ಅಲೆದೆ.

ದಾರಿ ತೋರಿಸಿದವರು ಎದುರು ಮನೆಯ ಅಂಕಲ್. ಬ್ಯಾಂಕಲ್ಲಿ ಕೆಲಸ ಮಾಡಿ ರಿಟೈರ್ ಆದವರು. ಪಾಸ್‌ಬುಕ್ ನೋಡಿ ಒಂದೇ ಮಾತು ಹೇಳಿದರು: "ದುಡ್ಡು ಆಮೇಲೆ ಕೇಳಮ್ಮ. ಮೊದಲು ಮ್ಯಾಂಡೇಟ್ ನಿಲ್ಲಿಸು. ಇಲ್ಲದಿದ್ದರೆ ಬರೋ 5ಕ್ಕೆ ಮತ್ತೆ ಕಟ್ ಆಗುತ್ತೆ."

ಸಾಲ ಮುಗಿದರೆ ಮ್ಯಾಂಡೇಟೂ ತಾನಾಗೇ ಮುಗಿಯುತ್ತದೆ ಅಂತಲೇ ನಾನು ಅಂದುಕೊಂಡಿದ್ದೆ. ಅದು ಹಾಗಲ್ಲ. ಸಾಲ ಇರುವುದು ನನಗೂ ಫೈನಾನ್ಸ್‌ಗೂ ನಡುವೆ. ಮ್ಯಾಂಡೇಟ್ ಅಂದರೆ ಇಂಥವರು ಕೇಳಿದಾಗ ನನ್ನ ಖಾತೆಯಿಂದ ಕೊಡಿ ಅಂತ ನನ್ನ ಬ್ಯಾಂಕಿಗೆ ನಾನು ಕೊಟ್ಟ ಒಪ್ಪಿಗೆ. ಬ್ಯಾಂಕುಗಳ ನಡುವಿನ ಪಾವತಿ ನೋಡಿಕೊಳ್ಳುವ ಎನ್‌ಪಿಸಿಐ ಅನ್ನೋ ಸಂಸ್ಥೆ ನಡೆಸುವ ನ್ಯಾಚ್ ವ್ಯವಸ್ಥೆಯಲ್ಲಿ ಫೈನಾನ್ಸ್‌ನವರ ಬ್ಯಾಂಕ್ ಒಂದು ಫೈಲ್ ಕಳಿಸುತ್ತದೆ, ಅದರಲ್ಲಿ ಸಾವಿರಾರು ಜನರ ಕಂತು ಇರುತ್ತದೆ. ನಮ್ಮ ಬ್ಯಾಂಕಿನ ಕಂಪ್ಯೂಟರ್ ನೋಡುವುದು ಮ್ಯಾಂಡೇಟ್ ಜೀವಂತ ಇದೆಯಾ, ಖಾತೆಯಲ್ಲಿ ದುಡ್ಡಿದೆಯಾ ಅನ್ನುವುದನ್ನು. ಸಾಲ ತೀರಿದೆಯಾ ಅಂತ ಅದಕ್ಕೆ ಗೊತ್ತಾಗುವುದೇ ಇಲ್ಲ.

ಸಾಲದ ಫೈಲಲ್ಲಿ ನಾನು ಸಹಿ ಹಾಕಿದ್ದ ಮ್ಯಾಂಡೇಟ್ ಫಾರಂನ ಜೆರಾಕ್ಸ್ ಸಿಕ್ಕಿತು. ಅಂಗೈ ಅಗಲದ ಚೀಟಿ, ಇರುವೆ ಸಾಲಿನಂಥ ಅಕ್ಷರ. ಕಂತು 3,184 ಆದರೂ ಗರಿಷ್ಠ ಮೊತ್ತದ ಜಾಗದಲ್ಲಿ 6,500 ಅಂತ ಬರೆದಿತ್ತು. ಕೊನೆಯ ತಾರೀಖಿನ ಚೌಕಗಳೆಲ್ಲ ಖಾಲಿ. ಅದರ ಕೆಳಗೆ 'ಅನ್‌ಟಿಲ್ ಕ್ಯಾನ್ಸಲ್ಡ್' ಅನ್ನೋ ಕಡೆ ಒಂದು ಟಿಕ್. ಅಂದರೆ ರದ್ದು ಮಾಡುವವರೆಗೆ. ಆ ಟಿಕ್ ನಾನು ಹಾಕಿದ್ದಲ್ಲ, ಆದರೆ ಕೆಳಗಿರುವ ಸಹಿ ನನ್ನದೇ. ಶೋರೂಮಿನ ಹುಡುಗ ಪೆನ್ಸಿಲ್ಲಲ್ಲಿ ಗುರುತು ಹಾಕಿ ಕೊಟ್ಟ ಕಡೆಗಳಲ್ಲೆಲ್ಲ ಅವತ್ತು ಸಹಿ ಮಾಡಿದ್ದೆ. ಅದಾದ ಮೇಲೆ ಇನ್ನೊಂದು ಸಾಲ ತಗೊಂಡಾಗ ಆ ಚೌಕಗಳನ್ನು ನಾನೇ ತುಂಬಿ, ಆಮೇಲೆ ಸಹಿ ಹಾಕಿದೆ.

ಮರುದಿನ ಮ್ಯಾಂಡೇಟ್ ರದ್ದು ಮಾಡಿ ಅಂತ ಎರಡು ಪ್ರತಿ ಅರ್ಜಿ ಹಿಡಿದು ಬ್ಯಾಂಕಿಗೆ ಹೋದೆ. ಅರ್ಜಿಯಲ್ಲಿ ಬೇಕಾದ ಮುಖ್ಯ ವಿಷಯ ಯುಎಂಆರ್‌ಎನ್, ಅಂದರೆ ಮ್ಯಾಂಡೇಟ್‌ನ ನಂಬರ್. ಅಕ್ಷರ, ಅಂಕಿ ಸೇರಿ ಒಟ್ಟು 20. ಪಾಸ್‌ಬುಕ್ಕಿನಲ್ಲಿ ಅದು ಕಾಣಲಿಲ್ಲ. ಕೌಂಟರಿನ ಹುಡುಗನಿಗೆ ಕೇಳಿದೆ, ಅವನು ಸ್ಕ್ರೀನ್ ನನ್ನ ಕಡೆ ತಿರುಗಿಸಿದ. ಒಂದೊಂದೇ ಅಂಕಿ ನೋಡಿ ಬರೆದುಕೊಂಡೆ. ಕೆಲವು ಬ್ಯಾಂಕಿನ ಆ್ಯಪ್‌ನಲ್ಲೇ ಮ್ಯಾಂಡೇಟ್‌ಗಳ ಪಟ್ಟಿ ಸಿಗುತ್ತದೆ, ಅಲ್ಲೇ ರದ್ದು ಮಾಡಬಹುದು. ಯುಪಿಐ ಆಟೋಪೇ ಬೇರೆ ವಿಷಯ, ಅದನ್ನು ಯುಪಿಐ ಆ್ಯಪ್‌ನಲ್ಲೇ ನಿಲ್ಲಿಸಬೇಕು.

"ಇಟ್ಟು ಹೋಗಿ ಮೇಡಂ, ಮಾಡ್ತೀವಿ" ಅಂದ. ನಾನು ಹೋಗಲಿಲ್ಲ. ಎರಡನೇ ಪ್ರತಿಯ ಮೇಲೆ ಮೊಹರು, ತಾರೀಖು, ಸಹಿ ಬೇಕು ಅಂತ ನಿಂತೆ. ಹದಿನೈದು ನಿಮಿಷ ನಿಂತೆ. ಮೊಹರು ಬಿತ್ತು.

ಆ ಮೊಹರಿಗೆ ಯಾಕೆ ಅಷ್ಟು ಬೆಲೆ ಅಂದರೆ, 2019ರ ಸೆಪ್ಟೆಂಬರ್‌ನಲ್ಲಿ ರಿಸರ್ವ್ ಬ್ಯಾಂಕ್ ಹೊರಡಿಸಿದ ಸುತ್ತೋಲೆಯಲ್ಲಿ ಸ್ಪಷ್ಟವಾಗಿ ಇದೆ: ಗ್ರಾಹಕ ಮ್ಯಾಂಡೇಟ್ ರದ್ದು ಮಾಡಿದ ಮೇಲೂ ಖಾತೆಯಿಂದ ದುಡ್ಡು ಹೋದರೆ ಅದಕ್ಕೆ ಗ್ರಾಹಕನ ಬ್ಯಾಂಕೇ ಹೊಣೆ. ಮರುದಿನದೊಳಗೆ ಸರಿಪಡಿಸಬೇಕು. ಹಾಗಾಗಿ ರದ್ದು ಮಾಡಲು ಯಾವತ್ತು ಕೇಳಿದೆವು ಅನ್ನುವುದಕ್ಕೆ ಕೈಯಲ್ಲಿ ಸಾಕ್ಷಿ ಇರಬೇಕು, ಅಲ್ವಾ? ಬಾಯಲ್ಲಿ ಹೇಳಿ ಬಂದರೆ ತಾರೀಖೇ ಇರುವುದಿಲ್ಲ.

ಈ ನಡುವೆ ಗೆಳತಿಯೊಬ್ಬಳು, "ಸುಮ್ನೆ ಖಾತೆ ಖಾಲಿ ಮಾಡಿಬಿಡು, ಏನು ಕಟ್ ಮಾಡ್ತಾರೆ?" ಅಂದಳು. ದಯವಿಟ್ಟು ಹಾಗೆ ಮಾಡಬೇಡಿ. ಮ್ಯಾಂಡೇಟ್ ಜೀವಂತ ಇದ್ದು ದುಡ್ಡಿಲ್ಲದಿದ್ದರೆ ಬೌನ್ಸ್ ಚಾರ್ಜ್ ಬೀಳುತ್ತದೆ. ಅದೇ ಖಾತೆಯಿಂದ ಹೋಗುವ ಬೇರೆ ಕಂತುಗಳೂ ಕೆಡುತ್ತವೆ. ನನ್ನ ವಿಮೆಗೆ ಆದದ್ದು ಅದೇ.

ಮ್ಯಾಂಡೇಟ್ ಕೆಲಸ ಮುಗಿಸಿ ಆಮೇಲೆ ದುಡ್ಡಿನ ಕಡೆ ತಿರುಗಿದೆ. ಫೈನಾನ್ಸ್‌ನವರಿಗೆ ಫೋನ್ ಬಿಟ್ಟು ಇಮೇಲ್ ಬರೆದೆ. ಕನ್ನಡದಲ್ಲಿ ನಾಲ್ಕೇ ಸಾಲು: 36 ಕಂತು ಮುಗಿದಿದೆ, ಎನ್‌ಒಸಿ ಇಂಥ ತಾರೀಖಿನದು, 5ನೇ ತಾರೀಖು 3,184 ಹೆಚ್ಚುವರಿಯಾಗಿ ಹೋಗಿದೆ, ಅದರಿಂದಾಗಿ 295 ದಂಡ ಬಿದ್ದಿದೆ, ಎರಡನ್ನೂ ಹಿಂದಿರುಗಿಸಿ. ಜೊತೆಗೆ ಎನ್‌ಒಸಿ ಮತ್ತು ಪಾಸ್‌ಬುಕ್ ಪುಟದ ಫೋಟೋ. ಕೊನೆಗೆ, 30 ದಿನದಲ್ಲಿ ಉತ್ತರ ಬಾರದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ, ಅಂದರೆ ಗ್ರಾಹಕರ ದೂರು ವಿಚಾರಿಸುವ ಅಧಿಕಾರಿಗೆ, ದೂರು ಕೊಡುತ್ತೇನೆ ಅಂತ ಸೇರಿಸಿದೆ. ಸುಮ್ನೆ ಹೆದರಿಸಲು ಬರೆದದ್ದಲ್ಲ, ಕೊಡುವವಳೇ ಇದ್ದೆ. ಅದಕ್ಕೆ ಶುಲ್ಕ ಇಲ್ಲ, ಆನ್‌ಲೈನಲ್ಲೇ ಕೊಡಬಹುದು. ಆದರೆ ಮೊದಲು ಸಂಸ್ಥೆಗೇ ಬರೆದು ದೂರು ಕೊಟ್ಟಿರಬೇಕು. ರಿಸರ್ವ್ ಬ್ಯಾಂಕಿನ ಸಹಾಯವಾಣಿ 14448ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾಹಿತಿ ಸಿಗುತ್ತದೆ. ನಾನು ಮಾಡಿ ಕೇಳಿದ್ದೆ.

ಹನ್ನೊಂದನೇ ದಿನ 3,184 ವಾಪಸ್ ಬಂತು. 295ರ ಬಗ್ಗೆ ಒಂದು ಮಾತೂ ಇಲ್ಲ. ಅದೇ ಇಮೇಲ್‌ಗೆ ಉತ್ತರವಾಗಿ ಮತ್ತೆ ಬರೆದೆ. "ಅದು ಬ್ಯಾಂಕಿನ ಚಾರ್ಜ್, ನಮಗೆ ಸಂಬಂಧವಿಲ್ಲ" ಅಂತ ಬಂತು. ಯಾವ ತಾರೀಖು ಖಾತೆಯಲ್ಲಿ ಎಷ್ಟಿತ್ತು, ನಿಮ್ಮ ಕಡಿತ ಇಲ್ಲದಿದ್ದರೆ ಎಷ್ಟು ಉಳಿಯುತ್ತಿತ್ತು, ವಿಮೆಗೆ ಎಷ್ಟು ಬೇಕಿತ್ತು ಅಂತ ಮೂರು ಅಂಕಿ ಬರೆದು ಕಳಿಸಿದೆ. ಬೇರೇನೂ ಬರೆಯಲಿಲ್ಲ.

ಮುಂದಿನ 5ನೇ ತಾರೀಖು ಬೆಳಿಗ್ಗೆ ಆರಕ್ಕೇ ಎಚ್ಚರವಾಯ್ತು. ಏಳೂವರೆ ಆಯ್ತು, ಎಂಟಾಯ್ತು, ಯಾವ ಮೆಸೇಜೂ ಬರಲಿಲ್ಲ. ಸಂಜೆ ಪಾಸ್‌ಬುಕ್ ಎಂಟ್ರಿ ಹಾಕಿಸಿ ನೋಡಿದೆ, ಕಡಿತ ಇಲ್ಲ. 9ನೇ ತಾರೀಖು 295 ಜಮಾ ಆಯ್ತು.